ದೂರದ ಶಾಖೆಗಳ ಹೊಸ ನೌಕರರಿಗೆ ಆನ್‌ಲೈನ್ ತರಬೇತಿ: ಪರಿಣಾಮಕಾರಿಯಾಗಿ ನಡೆಸುವುದು ಹೇಗೆ?

ತುಂಗಾತೀರ, ಶಿವಮೊಗ್ಗ
ಎಲ್ಲರಿಗೂ ನಮಸ್ಕಾರ. ಪತ್ತಿನ ಸಹಕಾರ ಸಂಸ್ಥೆಯೊಂದರಲ್ಲಿ ತರಬೇತಿಯ ಹೊಣೆ ನನ್ನ ಮೇಲಿದೆ. ಹೊಸದಾಗಿ ಸೇರಿದ ಗುಮಾಸ್ತರು ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಶಾಖೆಗಳಲ್ಲಿ ಹಂಚಿಹೋಗಿದ್ದಾರೆ. ಮಳೆಗಾಲದಲ್ಲಿ ಅವರೆಲ್ಲರನ್ನೂ ಶಿವಮೊಗ್ಗಕ್ಕೆ ಕರೆಸುವುದು ಕಷ್ಟವಾದ್ದರಿಂದ ಖಾತೆ ತೆರೆಯುವ ಕ್ರಮ, ಕೆವೈಸಿ, ಬೆಳೆ ಸಾಲದ ದಾಖಲೆಗಳ ಪರಿಶೀಲನೆ ಮುಂತಾದವನ್ನು ಆನ್‌ಲೈನ್‌ನಲ್ಲಿಯೇ ಕಲಿಸುತ್ತಿದ್ದೇವೆ. ಬೆಳಗಿನಿಂದ ಊಟದ ಹೊತ್ತಿನವರೆಗೆ ಸ್ಲೈಡ್‌ಗಳನ್ನು ತೋರಿಸಿ ವಿವರಿಸುತ್ತೇವೆ. ಬಹುಪಾಲು ಜನ ಕ್ಯಾಮೆರಾ ಆರಿಸಿಯೇ ಕುಳಿತಿರುತ್ತಾರೆ. ಅರ್ಥವಾಯಿತೇ ಎಂದು ಕೇಳಿದರೆ ಆಯಿತು ಎನ್ನುತ್ತಾರೆ, ಆದರೆ ಮುಂದಿನ ವಾರ ಕೌಂಟರಿನಿಂದ ಅದೇ ವಿಷಯಕ್ಕೆ ದೂರವಾಣಿ ಕರೆ ಬರುತ್ತದೆ. ಕ್ಯಾಮೆರಾ ಕಡ್ಡಾಯ ಮಾಡಬೇಕೇ, ಅವಧಿಯನ್ನು ಹೆಚ್ಚಿಸಬೇಕೇ, ಅಥವಾ ಕ್ರಮವನ್ನೇ ಬದಲಿಸಬೇಕೇ? ಅನುಭವಸ್ಥರು ದಯವಿಟ್ಟು ತಿಳಿಸಿ.

ಶರಾವತಿ ಕಣಿವೆ, ಸಾಗರ
ಕ್ರಮವನ್ನೇ ಬದಲಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ತರಬೇತಿಯ ಕೊನೆಯಲ್ಲಿ ಕೇಳಿಬರುವ ‘ಅರ್ಥವಾಯಿತು’ ಎಂಬ ಉತ್ತರ ಸುಳ್ಳಲ್ಲ, ಆ ಕ್ಷಣಕ್ಕೆ ಅವರಿಗೆ ನಿಜವಾಗಿಯೂ ಅರ್ಥವಾಗಿರುತ್ತದೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷಗಳ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ ಮಾತ್ರ, ಓದಿದ್ದನ್ನು ನೋಡದೆ ನೆನಪಿಸಿಕೊಂಡು ಬರೆದವರೇ ಹೆಚ್ಚು ಉಳಿಸಿಕೊಂಡಿದ್ದರು. ತಮಗೆ ಮುಂದಿನ ವಾರ ಬರುವ ಕರೆಗಳ ಕಾರಣ ಇದರಲ್ಲಿಯೇ ಇದೆ.

ಆದ್ದರಿಂದ ಓದಿ ತಿಳಿಯಬಹುದಾದ ನಿಯಮಗಳನ್ನು ಹಿಂದಿನ ದಿನವೇ ಎರಡು ಮೂರು ಪುಟಗಳಲ್ಲಿ ವಾಟ್ಸ್‌ಆ್ಯಪ್ ಮೂಲಕ ಕಳುಹಿಸಿ, ನೇರ ತರಗತಿಯ ಸಮಯವನ್ನು ಕೆಲಸ ಮಾಡಿಸುವುದಕ್ಕೆ ಮೀಸಲಿಡಿ. ಉದಾಹರಣೆಗೆ, ಹೆಸರು ಮತ್ತು ಸರ್ವೆ ನಂಬರ್ ಬದಲಿಸಿದ ಒಂದು ಪಹಣಿಯನ್ನು ಪರದೆಯ ಮೇಲೆ ಇಟ್ಟು, ಈ ಅರ್ಜಿದಾರರಿಗೆ ಬೆಳೆ ಸಾಲ ಕೊಡಬಹುದೇ ಎಂದಷ್ಟೇ ಕೇಳಿ. 9ನೇ ಕಾಲಂನಲ್ಲಿ ಅರ್ಜಿದಾರರ ಜೊತೆಗೆ ಸಹೋದರರ ಹೆಸರುಗಳೂ ಜಂಟಿಯಾಗಿರಲಿ, 11ನೇ ಕಾಲಂನಲ್ಲಿ ಬೇರೊಂದು ಬ್ಯಾಂಕಿನ ಹಳೆಯ ಸಾಲ ನಮೂದಾಗಿರಲಿ. ಎಲ್ಲರೂ ಉತ್ತರವನ್ನು ಚಾಟ್‌ನಲ್ಲಿ ಟೈಪ್ ಮಾಡಿಟ್ಟುಕೊಂಡು, ತಾವು ಹೇಳಿದಾಗ ಒಟ್ಟಿಗೆ ಕಳುಹಿಸಬೇಕು. ಇಲ್ಲವಾದರೆ ಮೊದಲು ಬಂದ ಉತ್ತರವನ್ನೇ ಉಳಿದವರು ಒಪ್ಪಿಕೊಂಡುಬಿಡುತ್ತಾರೆ. ತಪ್ಪು ಉತ್ತರ ಬಂದಲ್ಲಿ ತಕ್ಷಣ ತಿದ್ದದೆ, ಯಾವ ಕಾಲಂ ನೋಡಿ ಹಾಗೆ ತೀರ್ಮಾನಿಸಿದಿರಿ ಎಂದು ಕೇಳಿ. ಅಲ್ಲಿಂದ ಹುಟ್ಟುವ ಚರ್ಚೆಯೇ ನಿಜವಾದ ತರಬೇತಿ. ಒಂದು ಬಾರಿಗೆ ಮುಕ್ಕಾಲು ಗಂಟೆ ಸಾಕು. ಅದೇ ಬಗೆಯ ಪ್ರಶ್ನೆಯನ್ನು ಎರಡು ದಿನ ಬಿಟ್ಟು, ಮತ್ತೆ ಒಂದು ವಾರ ಬಿಟ್ಟು ಕೇಳುವುದನ್ನು ಮಾತ್ರ ತಪ್ಪಿಸಬೇಡಿ.

ಕೊಡಚಾದ್ರಿ ತಪ್ಪಲು, ಹೊಸನಗರ
ಮೇಲಿನ ಮಾತುಗಳನ್ನು ಒಪ್ಪುತ್ತಾ ಕ್ಯಾಮೆರಾದ ಬಗ್ಗೆ ಹೇಳುತ್ತೇನೆ. ನಮ್ಮ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ವಿದ್ಯುತ್ ಮತ್ತು ನೆಟ್‌ವರ್ಕ್ ಎರಡನ್ನೂ ನಂಬಲಾಗದು. ಜೂಮ್‌ನಲ್ಲಿ ಧ್ವನಿಗೆ ಸೆಕೆಂಡಿಗೆ 60ರಿಂದ 80 ಕಿಲೋಬಿಟ್, ಪರದೆ ಹಂಚಿಕೆಗೆ 50ರಿಂದ 75 ಕಿಲೋಬಿಟ್ ಸಾಕಾಗುತ್ತದೆ. ಸ್ಪಷ್ಟವಾದ ವೀಡಿಯೊಗೆ ಇದರ ಹಲವು ಪಟ್ಟು ಬೇಕು. ದುರ್ಬಲ ಸಂಪರ್ಕದಲ್ಲಿ ಕ್ಯಾಮೆರಾ ಕಡ್ಡಾಯ ಮಾಡಿದರೆ, ಮುಖ ಕಾಣಿಸುವ ಭರದಲ್ಲಿ ಮಾತೇ ತುಂಡಾಗುತ್ತದೆ. ಮೊದಲ ದಿನದ ಪರಿಚಯಕ್ಕೆ ಮುಖ ತೋರಿಸಲಿ, ನಂತರ ಧ್ವನಿ ಮತ್ತು ಪರದೆ ಇದ್ದರೆ ಸಾಕು. ಸಂಪರ್ಕ ಕಡಿದುಹೋದವರಿಗಾಗಿ ರೆಕಾರ್ಡಿಂಗನ್ನು ವಿಷಯಕ್ಕೊಂದರಂತೆ ಸಣ್ಣ ತುಣುಕುಗಳಾಗಿ ಕಳುಹಿಸಿ. ಅದರಲ್ಲಿ ನೈಜ ಗ್ರಾಹಕರ ಖಾತೆಯಾಗಲಿ ಆಧಾರ್ ಸಂಖ್ಯೆಯಾಗಲಿ ಕಾಣಿಸಿಕೊಳ್ಳದಂತೆ ಎಚ್ಚರ ವಹಿಸುವುದು ಅತ್ಯಗತ್ಯ.

ಹೊಸ ಗುಮಾಸ್ತೆ, ತೀರ್ಥಹಳ್ಳಿ
ಹಿರಿಯರ ನಡುವೆ ಮಾತನಾಡುತ್ತಿರುವುದಕ್ಕೆ ಕ್ಷಮೆಯಿರಲಿ. ಕಲಿಯುವವರ ಕಡೆಯಿಂದ ಒಂದು ವಿಷಯ ತಿಳಿಸಬೇಕೆನಿಸಿತು. ಇಪ್ಪತ್ತು ಮೂವತ್ತು ಜನರಿರುವ ಕರೆಯಲ್ಲಿ, ವ್ಯವಸ್ಥಾಪಕರೂ ಕೇಳಿಸಿಕೊಳ್ಳುತ್ತಿರುವಾಗ, ನನಗೆ ತಿಳಿಯಲಿಲ್ಲ ಎಂದು ಮೈಕ್ ತೆರೆದು ಹೇಳುವುದು ಸುಲಭವಲ್ಲ. ಮೂರು ಮೂರು ಜನರ ಗುಂಪು ಮಾಡಿ ಹತ್ತು ನಿಮಿಷ ನಮ್ಮಷ್ಟಕ್ಕೆ ಬಿಟ್ಟಾಗ ನಾವು ಧೈರ್ಯವಾಗಿ ಕೇಳಿಕೊಳ್ಳುತ್ತೇವೆ. ಬೆಳಗಿನ ಹೊತ್ತು ಕೌಂಟರಿನಲ್ಲಿ ಸದಸ್ಯರು ಕಾಯುತ್ತಿರುವುದರಿಂದ ಗಮನ ಎರಡು ಕಡೆ ಹಂಚಿಹೋಗುತ್ತದೆ. ತರಗತಿಯನ್ನು ಮಧ್ಯಾಹ್ನದ ಮೇಲೆ ಇಟ್ಟರೆ, ಕಲಿತದ್ದನ್ನು ಅಂದೇ ಶಾಖೆಯ ಹಿರಿಯರೊಬ್ಬರ ಪಕ್ಕದಲ್ಲಿ ಕುಳಿತು ಮಾಡಿ ನೋಡಬಹುದು.

ತುಂಗಾತೀರ, ಶಿವಮೊಗ್ಗ
ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮುಂದಿನ ತಂಡಕ್ಕೆ ಪಹಣಿಯ ಅಭ್ಯಾಸದಿಂದಲೇ ಆರಂಭಿಸುತ್ತೇನೆ, ಸಮಯವನ್ನೂ ಮಧ್ಯಾಹ್ನಕ್ಕೆ ಬದಲಿಸುತ್ತೇನೆ. ಚಿನ್ನದ ಸಾಲದ ವಿಷಯವನ್ನೂ ಹೀಗೆಯೇ ಕಲಿಸಬಹುದೇ?

ಶರಾವತಿ ಕಣಿವೆ, ಸಾಗರ
ಅರ್ಜಿ, ರಸೀದಿ, ಲೆಕ್ಕಾಚಾರ ಇವನ್ನು ಖಂಡಿತ ಕಲಿಸಬಹುದು. ಆಭರಣದ ತೂಕ, ಕಲ್ಲು ಮತ್ತು ಅರಗಿನ ಕಳೆತ, ಒರೆಗಲ್ಲಿನ ಮೇಲಿನ ಬಣ್ಣ ಇವುಗಳನ್ನು ಪರದೆಯಲ್ಲಿ ಕಲಿಸಲು ಹೋಗಬೇಡಿ. ಅವನ್ನು ಶಾಖೆಯ ಚಿನ್ನ ಪರೀಕ್ಷಕರ ಪಕ್ಕದಲ್ಲಿ ಕುಳ್ಳಿರಿಸಿಯೇ ತೋರಿಸಬೇಕು, ಅದಕ್ಕಾಗಿ ಪ್ರತಿಯೊಬ್ಬರಿಗೂ ಬೇರೆಯಾಗಿ ದಿನ ಗೊತ್ತುಪಡಿಸಿ.