ಮೋಆಬ್ + ಕ್ರೆಸ್ಟೆಡ್ ಬ್ಯೂಟ್ ಒಂದೇ ಟ್ರಿಪ್ಪಲ್ಲಿ ಆಗುತ್ತಾ? ಯಾವ ತಿಂಗಳು, ಯಾವ್ದು ಮೊದ್ಲು?

ತುರಹಳ್ಳಿ_ಧೂಳು

ಎಲ್ರಿಗೂ ನಮಸ್ಕಾರ. ಈಗ ಡ್ಯಾಲಸ್ಸಲ್ಲಿದೀನಿ. ಬೆಂಗ್ಳೂರಲ್ಲಿದ್ದಾಗ ತುರಹಳ್ಳಿ ಕಾಡಲ್ಲಿ, ಆಮೇಲೆ ನಂದಿ ಬೆಟ್ಟದ ಸುತ್ತಮುತ್ತ ಮೌಂಟನ್ ಬೈಕ್ ತುಳೀತಿದ್ದೆ, ಇಲ್ಲಿಗೆ ಬಂದ್ಮೇಲೆ ಮನೆ ಹತ್ರದ ಚಪ್ಪಟೆ ಟ್ರೇಲುಗಳಲ್ಲೇ ಗಿರಕಿ ಹೊಡ್ಕೊಂಡು ಇದೀನಿ, ಏರು ಅನ್ನೋದು ಕಣ್ಣಿಗೆ ಬೀಳೋದೇ ಇಲ್ಲ. ಈ ಸಲ ನಾನೂ ನಮ್ಮ ಭಾವನೂ ಸೇರಿ ಒಂದು ವಾರ ಹತ್ತು ದಿನ ರಜೆ ಹಾಕಿ ಯೂಟಾ, ಕೊಲೊರಾಡೊ ಎರಡೂ ಮುಗಿಸೋಣ ಅಂತ ಪ್ಲಾನು. ಮರುಭೂಮಿ ಕಡೆ ಮೋಆಬ್, ಬೆಟ್ಟದ ಕಡೆ ಕ್ರೆಸ್ಟೆಡ್ ಬ್ಯೂಟ್. ಜುಲೈ ಅಂದ್ಕೊಂಡಿದೀವಿ ಯಾಕಂದ್ರೆ ಆಗ ಅಲ್ಲಿ ಹೂವಿನ ಸೀಸನ್ನಂತೆ, ಫೋಟೋ ನೋಡಿ ಭಾವ ಫುಲ್ ಫ್ಲಾಟು.

ನನ್ ಹತ್ರ ಇರೋದು ಮುಂದೆ ಮಾತ್ರ ಸಸ್ಪೆನ್ಷನ್ ಇರೋ ಹಾರ್ಡ್‌ಟೇಲು, ಟೆಕ್ನಿಕಲ್ ಟ್ರೇಲ್ ಸುಮಾರಾಗಿ ಹೊಡೀತೀನಿ. ಭಾವ ಓಟಗಾರ, ಸ್ಟ್ಯಾಮಿನಾ ಬೇಜಾನ್ ಇದೆ, ಆದ್ರೆ ಇಳಿಜಾರು ಅಂದ್ರೆ ಎರಡೂ ಬ್ರೇಕ್ ಹಿಡ್ಕೊಂಡೇ ಇರ್ತಾರೆ. ನನ್ ಡೌಟು ಇಷ್ಟೇ: ಜುಲೈ ಓಕೆನಾ, ಎರಡ್ರಲ್ಲಿ ಯಾವ್ದು ಮೊದ್ಲು ಮಾಡ್ಬೇಕು, ಮತ್ತೆ ಒಂದೇ ಸೈಕಲ್ಲು ಎರಡೂ ಕಡೆ ನಡೆಯುತ್ತಾ? ಮೋಆಬಿನ ಹೋಲ್ ಎಂಚಿಲಾಡ ಟ್ರೇಲ್ ಮಾಡ್ಲೇಬೇಕು ಅಂತ ಆಸೆ.

ಡೆನ್ವರ್_ದೊಡ್ಡಪ್ಪ

ಜುಲೈ ಬೇಡಪ್ಪ, ಮೊದ್ಲು ಅದನ್ನ ಬಿಡಿ. ಜುಲೈನಲ್ಲಿ ಕ್ರೆಸ್ಟೆಡ್ ಬ್ಯೂಟ್ ಸ್ವರ್ಗ, ನಿಜ, 401 ಟ್ರೇಲಲ್ಲಿ ಹೂಗಿಡ ಹ್ಯಾಂಡಲ್‌ಬಾರಿಗಿಂತ ಎತ್ತರ ಬೆಳ್ದಿರುತ್ತೆ, ಮುಂದಿನ ಚಕ್ರ ಎಲ್ಲಿದೆ ಅಂತಾನೂ ಕಾಣಲ್ಲ. ಆದ್ರೆ ಅದೇ ಟೈಮಲ್ಲಿ ಮೋಆಬಲ್ಲಿ ಮಧ್ಯಾಹ್ನ 38 ಡಿಗ್ರಿ ಸೆಲ್ಸಿಯಸ್ ದಾಟೋದು ಮಾಮೂಲಿ, ನೆರಳು ಅನ್ನೋದು ಇಲ್ಲ, ಬಂಡೆ ಬೇರೆ ಕೆಳಗಿಂದ ಕಾವು ಹೊಡೀತಿರುತ್ತೆ. ಬೆಳಗ್ಗೆ ಐದಕ್ಕೆ ಶುರು ಮಾಡಿ ಒಂಬತ್ತಕ್ಕೆ ರೂಮ್ ಸೇರ್ಕೋಬೇಕು, ಅದಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕು? ಹಾಗಂತ ಮೋಆಬ್ ಚೆನ್ನಾಗಿರೋ ಏಪ್ರಿಲ್ ಮೇನಲ್ಲಿ ಹೋದ್ರೆ ಕ್ರೆಸ್ಟೆಡ್ ಬ್ಯೂಟ್ ಮೇಲಿನ ಟ್ರೇಲುಗಳೆಲ್ಲ ಹಿಮದಡಿ ಇರುತ್ವೆ. ಊರೇ ಹೆಚ್ಚುಕಡ್ಮೆ 8,900 ಅಡಿ ಮೇಲಿದೆ, ಟ್ರೇಲುಗಳು 11,000 ದಾಟ್ತವೆ, ಜೂನ್ ಕೊನೆ ತನಕ ಹಿಮ ಪೂರ್ತಿ ಕರಗಲ್ಲ.

ಎರಡೂ ಒಟ್ಟಿಗೆ ಸಿಗೋ ಕಿಂಡಿ ಒಂದೇ, ಸೆಪ್ಟೆಂಬರ್ ಎರಡನೇ ಅರ್ಧ. ಮೋಆಬ್ ಬಿಸಿಲು ಇಳಿದಿರುತ್ತೆ, ಮೇಲೆ ಹಿಮ ಇನ್ನೂ ಬಿದ್ದಿರಲ್ಲ (ಬೀಳಲೂಬಹುದು, ಒಂದು ದಿನ ಸ್ಪೇರ್ ಇಟ್ಕೊಳ್ಳಿ), ಆಸ್ಪೆನ್ ಮರಗಳು ಹಳದಿ ತಿರುಗಿರುತ್ವೆ. ಹೂ ಸಿಗಲ್ಲ, ಭಾವಂಗೆ ಹಳದಿ ಎಲೆ ತೋರಿಸಿ ಸಮಾಧಾನ ಮಾಡಿ.

ಎಂಚಿಲಾಡಕ್ಕೂ ಅದೇ ಲೆಕ್ಕ. ಅದು ಲಾ ಸಾಲ್ ಬೆಟ್ಟದಲ್ಲಿ 11,000 ಅಡಿಗೂ ಮೇಲಿರೋ ಬರ್ರೋ ಪಾಸಿಂದ ಶುರುವಾಗಿ ಕೊಲೊರಾಡೊ ನದಿ ದಡದಲ್ಲಿ 4,000 ಅಡಿ ಚಿಲ್ರೆಗೆ ಮುಗಿಯುತ್ತೆ. ನೀವು ಕೇಳ್ತಿರೋ ಬೆಟ್ಟ, ಮರುಭೂಮಿ ಎರಡೂ ಒಂದೇ ದಿನದಲ್ಲಿ ಬಂತು ನೋಡಿ. ಮೇಲೆ ಸ್ಪ್ರೂಸ್ ಕಾಡು, ಬೇರು, ಒದ್ದೆ ಮಣ್ಣು, ಆಮೇಲೆ ಹಜಾರ್ಡ್ ಕೌಂಟಿ ಅನ್ನೋ ಭಾಗ, ಅಲ್ಲಿ ಓಕ್ ಪೊದೆ ಮಧ್ಯೆ ಹಾವಿನ ಥರ ಹರಿಯೋ ದಾರಿ, ಕೊನೆಗೆ ಪೋರ್ಕ್ಯುಪೈನ್ ರಿಮ್ಮಲ್ಲಿ ಬರೀ ಕಲ್ಲು, ಮೆಟ್ಲು ಮೆಟ್ಲು. ಶಟಲ್ ವ್ಯಾನಲ್ಲಿ ಮೇಲೆ ಬಿಡ್ತಾರೆ, ಬರ್ರೋ ತನಕ ದಾರಿ ಇಲ್ದಿದ್ರೆ ಕೆಳಗೆ ಎಲ್ಲಿ ಸಾಧ್ಯನೋ ಅಲ್ಲಿ ಇಳಿಸ್ತಾರೆ. ಇಳಿಜಾರು ಅಂತ ಹಗುರ ಅಂದ್ಕೋಬೇಡಿ, ನಡುನಡುವೆ ಏರಿದೆ, ಸಂಜೆ ಹೊತ್ತಿಗೆ ಕಾಲಿಗಿಂತ ಮುಂಗೈ ಸತ್ತಿರುತ್ತೆ.

ಹಾರ್ಡ್‌ಟೇಲ್ ಮನೇಲೇ ಬಿಡಿ. 140-150 ಮಿಲಿಮೀಟರ್ ಟ್ರಾವೆಲ್ (ಸಸ್ಪೆನ್ಷನ್ ಕುಗ್ಗೋ ಅಳತೆ) ಇರೋ ಫುಲ್ ಸಸ್ಪೆನ್ಷನ್ ಬಾಡಿಗೆ ತಗೊಳ್ಳಿ, ಡ್ರಾಪರ್ ಪೋಸ್ಟ್ (ಸವಾರಿ ಮಾಡ್ತಾನೇ ಸೀಟು ಇಳಿಸೋ ಕಂಬ) ಇರ್ಲೇಬೇಕು. ಅದೇ ಸೈಕಲ್ ಎರಡೂ ಕಡೆ ನಡೆಯುತ್ತೆ. ಹಾರ್ಡ್‌ಟೇಲಲ್ಲೇ ಮಾಡೋ ಗಟ್ಟಿ ಜನ ಇದಾರೆ, ಆದ್ರೆ ರಜೆ ಹಾಕಿ ಬಂದು ಬೆನ್ನು ನೋಯಿಸ್ಕೊಳ್ಳೋದು ಯಾವ ಸುಖಕ್ಕೆ ಅಂತ.

ರೂಟು: ಡೆನ್ವರ್‌ಗೆ ಫ್ಲೈಟು, ಅಲ್ಲಿಂದ ಸಲೈಡ, ಕ್ರೆಸ್ಟೆಡ್ ಬ್ಯೂಟ್, ಫ್ರೂಟ, ಮೋಆಬ್, ವಾಪಸ್ ಡೆನ್ವರ್. ಬೆಟ್ಟ ಮೊದ್ಲು, ಕಾಲು ಫ್ರೆಶ್ ಇರುವಾಗ.

ಹುಬ್ಬಳ್ಳಿ_ಹಂಪು

ಫೀನಿಕ್ಸ್‌ದಾಗ ಇರ್ತೀನ್ರಿ, ಮರುಭೂಮಿ ಬಗ್ಗೆ ನಾ ಹೇಳ್ತೀನಿ, ಬೆಟ್ಟದ ಬಗ್ಗೆ ಮ್ಯಾಲಿನ ದೊಡ್ಡಪ್ಪಾರು ಹೇಳ್ಯಾರ.

ಸ್ಲಿಕ್‌ರಾಕ್ ಅನ್ನೋ ಮೋಆಬಿನ ಟ್ರೇಲ್ ಹತ್ತು ಮೈಲಿ ಚಿಲ್ಲರ ಅಂತ ನೋಡಿ ತಾಸೊಪ್ಪತ್ತಿನ ಕೆಲಸ ಅನ್ಕೋಬ್ಯಾಡ್ರಿ, ಮೂರು ನಾಕು ತಾಸು ಹಿಡಿತೈತಿ. 1969ರಾಗ ಮೋಟರ್ ಸೈಕಲ್ಲಿನವರ ಸಲುವಾಗಿ ಮಾಡಿದ್ದ ಹಾದಿ ಅದು, ಈಗೂ ಅವರು ಬರ್ತಾರ. ಹಳೇ ಮರಳ ದಿಬ್ಬ ಗಟ್ಟಿ ಆಗಿ ಕಲ್ಲಾದ ಜಾಗ, ರಬ್ಬರ್ ಟೈರು ಅದರ ಮ್ಯಾಲ ಎಂಥಾ ಹಿಡಿತೈತಿ ಅಂದ್ರ, ನೀವು ನಡಕೊಂಡ ಹತ್ತಾಕ ಅಂಜೋ ಏರನ್ನ ಸೈಕಲ್ ಹತ್ತತೈತಿ. ಮೋಸ ಎಲ್ಲಿ ಅಂದ್ರ ಏರು ಸಣ್ಣೂವು, ಆದ್ರ ಗ್ವಾಡಿ ಹಂಗ. ಏರು ಶುರು ಆಗೂದ್ಕಿಂತ ಮೊದ್ಲ ಸಣ್ಣ ಗೇರಿಗೆ ಬರ್ರಿ, ಸೀಟಿನ ಮೂತಿ ಮ್ಯಾಲ ಕುಂದರ್ರಿ, ಎದಿ ಹ್ಯಾಂಡಲ್ ಕಡೆ ಬಗ್ಗಿಸ್ರಿ. ನಡು ಏರಿನಾಗ ಗೇರ್ ಹಾಕಾಕ ಹೋದ್ರ ಚೈನು ಕಟ್ ಅಂತೈತಿ. ಬಂಡಿಗಲ್ಲಿನ ಮ್ಯಾಲ ಬಿಳಿ ಬಣ್ಣದ ಗೆರಿ ಹೊಡದಾರ, ಅದನ್ನ ಬಿಟ್ಟು ಆಚೀಚೆ ಹೋಗಬ್ಯಾಡ್ರಿ, ದಿಬ್ಬದ ಆಚೆ ಕಡೆ ಏನೈತಿ ಗೊತ್ತಾಗೂದಿಲ್ಲ, ಕೆಲವು ಕಡೆ ಸೀದಾ ಕಣಿವಿ.

ನಡುನಡುವ ಉಸುಕಿನ ಗುಂಡಿ ಬರ್ತಾವ. ಮುಂದಿನ ಬ್ರೇಕ್ ಮುಟ್ಟಬ್ಯಾಡ್ರಿ, ಹ್ಯಾಂಡಲ್ ತಿರುಗಿಸಾಕ ಹೋಗಬ್ಯಾಡ್ರಿ, ಮೈ ಸ್ವಲ್ಪ ಹಿಂದ ಹಾಕಿ ತುಳೀತಾ ಇರ್ರಿ. ನಿಮ್ಮ ಭಾವನ್ನ ಮೊದಲ ದಿನಾನ ಇಲ್ಲಿಗೆ ತರಬ್ಯಾಡ್ರಿ ಮತ್ತ. ಡೆಡ್ ಹಾರ್ಸ್ ಪಾಯಿಂಟ್ ಸ್ಟೇಟ್ ಪಾರ್ಕಿನಾಗ ಇಂಟ್ರೆಪಿಡ್ ಟ್ರೇಲ್ ಅದಾವ, ಸಲೀಸು, ನೋಟ ಅಂತೂ ಹೇಳಾಕ ಆಗೂದಿಲ್ಲ. ಅದಾದ ಮ್ಯಾಲ ನವಾಹೋ ರಾಕ್ಸ್, ಆಮ್ಯಾಲ ಸ್ಲಿಕ್‌ರಾಕ್. ಕ್ಯಾಪ್ಟನ್ ಎಹಾಬ್ ಅನ್ನೋ ಕಠಿಣ ಟ್ರೇಲ್ ನಿಮಗ ಒಬ್ಬರಿಗ ಇರಲಿ.

ಒಂದ್ ಮಾತು ಗಂಭೀರವಾಗಿ. ಟ್ರೇಲ್ ಬಾಜೂಕ ಕರ್ರಗ ಗಂಟು ಗಂಟು ಆಗಿರೋ ಮಣ್ಣು ಕಾಣತೈತಿ. ಅದು ಬರೇ ಮಣ್ಣಲ್ಲ, ಸಯನೋಬ್ಯಾಕ್ಟೀರಿಯ, ಕಲ್ಲುಹೂವು, ಪಾಚಿ ಕೂಡಿ ಕಟ್ಟಿದ ಜೀವಂತ ಪದರ. ಉಸುಕು ಗಾಳಿಗೆ ಹಾರಿ ಹೋಗದಂಗ ಹಿಡದಿರೋದ ಅದು. ಒಂದು ಹೆಜ್ಜಿ, ಒಂದು ಟೈರಿನ ಗುರುತು ಬಿದ್ರ ಮತ್ತ ಕೂಡಾಕ ಹತ್ತಾರು ವರ್ಷ ಬೇಕು. ಎದುರಿಗೆ ಯಾರರ ಬಂದ್ರ ಬಂಡಿಗಲ್ಲಿನ ಮ್ಯಾಲ ಸರದು ನಿಲ್ರಿ, ಮಣ್ಣಿನ ಮ್ಯಾಲ ಬ್ಯಾಡ. ಸೆಲ್ಫಿ ಸಲುವಾಗಿ ಅದರ ಮ್ಯಾಲ ಸೈಕಲ್ ಮಲಗಿಸೋ ಮಂದಿನ್ನ ಕಂಡ್ರ ನನಗ ಪಿತ್ತ ನೆತ್ತಿಗೇರತೈತಿ.

ನೀರು ತಲಿಗೆ ಮೂರು ಲೀಟರ್ ಕಡಿಮಿ ಬ್ಯಾಡ, ಎಂಚಿಲಾಡಕ್ಕ ಇನ್ನೂ ಜಾಸ್ತಿ. ಬರೇ ನೀರಲ್ಲ, ಉಪ್ಪು ಹೊಟ್ಟಿಗೆ ಹೋಗ್ಬೇಕು, ಓಆರ್‌ಎಸ್ ಪುಡಿ ಇಲ್ಲಾ ಉಪ್ಪು ಹಚ್ಚಿದ ಶೇಂಗಾ ಇಟ್ಕೋರಿ. ಟೈರು ಟ್ಯೂಬ್‌ಲೆಸ್ ಇರಬೇಕು, ಒಳಗ ತೂತು ಮುಚ್ಚೋ ಸೀಲೆಂಟ್ ದ್ರವ ಹೊಸಾದು ಹಾಕ್ಯಾರೋ ಇಲ್ಲೋ ಅಂಗಡ್ಯಾಗ ಕೇಳ್ರಿ, ನಮ್ಮ ನೆಗ್ಗಿಲ ಮುಳ್ಳಿನಂಥಾವ ಇಲ್ಲಿ ದಂಡಿಯಾಗಿ ಅದಾವ.

ಸಣ್ಣಗೇರು

ದೊಡ್ಡಪ್ಪ ಅವರೆ, ತಿಂಗಳ ವಿಷಯ ನೂರಕ್ಕೆ ನೂರು ಒಪ್ತೀನಿ, ಬೆಟ್ಟ ಮೊದ್ಲು ಅನ್ನೋದು ಮಾತ್ರ ಒಪ್ಪಲ್ಲ. ಇವ್ರು ಬರ್ತಿರೋದು ಡ್ಯಾಲಸ್ಸಿಂದ, ಸಮುದ್ರ ಮಟ್ಟಕ್ಕಿಂತ ಸ್ವಲ್ಪವೇ ಮೇಲಿರೋ ಊರಿಂದ. ಫ್ಲೈಟ್ ಇಳ್ದು ಮಾರನೇ ದಿನ 11,000 ಅಡಿಗೆ ಹೋದ್ರೆ ಒಂದೊಂದು ಉಸಿರಲ್ಲಿ ಸಿಗೋ ಆಕ್ಸಿಜನ್ ಸಮುದ್ರ ಮಟ್ಟದ ಮೂರನೇ ಎರಡು ಭಾಗ ಅಷ್ಟೇ. ಇದಕ್ಕೂ ಫಿಟ್‌ನೆಸ್ಸಿಗೂ ಸಂಬಂಧ ಇಲ್ಲ, ಭಾವ ಮ್ಯಾರಥಾನ್ ಓಡೋರಾದ್ರೂ ತಲೆನೋವು, ವಾಂತಿ ಬರಬಹುದು, ರಾತ್ರಿ ನಿದ್ದೆ ಹತ್ತಲ್ಲ. ಅದ್ರ ಬದ್ಲು ಗ್ರ್ಯಾಂಡ್ ಜಂಕ್ಷನ್‌ಗೆ ಫ್ಲೈಟ್ ಹಿಡೀರಿ, ಫ್ರೂಟ ಅಲ್ಲೇ ಪಕ್ಕ, 4,500 ಅಡಿ. 18 ರೋಡ್ ಟ್ರೇಲುಗಳಲ್ಲಿ ಬಾಡಿಗೆ ಸೈಕಲ್ ಕೈಗೆ ಹತ್ತುತ್ತೆ, ಪ್ರೈಮ್ ಕಟ್ ಅನ್ನೋ ಟ್ರೇಲ್ ಹತ್ತಿ ಯಾವ್ದಾದ್ರೂ ಇಳಿಜಾರು ಹಿಡ್ಕೊಂಡು ಬರೋದು, ಭಾವ ಬ್ರೇಕ್ ಬಿಡೋದು ಕಲಿಯೋಕೆ ಇದಕ್ಕಿಂತ ಒಳ್ಳೆ ಜಾಗ ನಂಗೊತ್ತಿಲ್ಲ. ಅಲ್ಲಿಂದ ಒಂದೂವರೆ ಗಂಟೆ ಡ್ರೈವಲ್ಲಿ ಮೋಆಬ್. ಅದು ಮುಗ್ಸಿ ಬೆಟ್ಟ ಹತ್ತಿ. ಮೋಆಬಲ್ಲಿ ಎಂಚಿಲಾಡ ಮಾಡೋ ದಿನಾನೂ ಸ್ವಲ್ಪ ಎತ್ತರ ಅಭ್ಯಾಸ ಆಗಿರುತ್ತೆ.

ಫ್ರೂಟಲ್ಲಿ ಮಳೆ ಬಂದ್ರೆ ಮಾತ್ರ ಆ ದಿನ ಸೈಕಲ್ ಮುಟ್ಬೇಡಿ. ಅಲ್ಲಿ ಜೇಡಿಮಣ್ಣು, ಚಕ್ರಕ್ಕೆ ಮೆತ್ಕೊಂಡು ಫೋರ್ಕಲ್ಲಿ ಸಿಕ್ಕಾಕೊಂಡು ಹತ್ತು ಹೆಜ್ಜೆ ತಳ್ಳೋಕಾಗಲ್ಲ, ಟ್ರೇಲೂ ಹಾಳು. ಮೋಆಬ್ ಬಂಡೆ ಬೇಗ ಒಣಗುತ್ತೆ.

ಕ್ರೆಸ್ಟೆಡ್ ಬ್ಯೂಟಲ್ಲಿ ಮೊದಲ ದಿನ ಲೋವರ್ ಲೂಪ್, ಲುಪಿನ್ ಅಂತ ಊರ ಹತ್ರದ್ದೇ ಮಾಡಿ. 401ಕ್ಕೆ ಗಾಥಿಕ್ ರೋಡ್ ಹಿಡ್ಕೊಂಡು ಸ್ಕೋಫೀಲ್ಡ್ ಪಾಸ್ ತನಕ ಜೀಪ್ ರಸ್ತೆ ಏರು, ಅಲ್ಲಿಂದ ಕಾಡೊಳಗೆ ಒಂದೇ ಸೈಕಲ್ ಹಿಡಿಸೋ ಸಿಂಗಲ್‌ಟ್ರ್ಯಾಕ್ ಇನ್ನೂ ಏರು, ಒಮ್ಮೆ ಮರ ಮುಗಿದು ಬಯಲಾಯ್ತು ಅಂದ್ರೆ ಇಡೀ ಕಣಿವೆ ಎದುರಿಗೆ. ಇಳಿಜಾರಲ್ಲಿ ದಾರಿ ತೀರಾ ಕಿರಿದು, ಬೆಟ್ಟದ ಪಕ್ಕೆಗೆ ಕೊರೆದ ಗೀಟು ಅಷ್ಟೇ, ಮೇಲಿನ ಕಡೆ ಪೆಡಲ್ ದಿಣ್ಣೆಗೆ ತಾಗುತ್ತೆ, ತುಳಿಯೋದು ನಿಲ್ಸಿದಾಗ ಪೆಡಲ್ ಎರಡೂ ಸಮಾನಾಗಿ ಇಟ್ಕೊಳ್ಳಿ. ಉದ್ದ ಇಳಿಜಾರಲ್ಲಿ ಬ್ರೇಕ್ ಒಂದೇ ಸಮ ಹಿಡ್ಕೊಂಡಿದ್ರೆ ಡಿಸ್ಕ್ ಕಾದು ಹಿಡಿತ ಬಿಡುತ್ತೆ, ಗಟ್ಟಿಯಾಗಿ ಹಿಡಿದು ಪೂರ್ತಿ ಬಿಡಿ, ಮತ್ತೆ ಹಿಡೀರಿ. ಇದನ್ನ ಭಾವಂಗೆ ಪ್ರಿಂಟ್ ತೆಗ್ಸಿ ಕೊಡಿ 😀

ಗುಡುಗು ಸಿಡಿಲು ಜುಲೈ ಆಗಸ್ಟಲ್ಲಿ ಜಾಸ್ತಿ, ಸೆಪ್ಟೆಂಬರಲ್ಲಿ ಕಮ್ಮಿ ಆದ್ರೂ ಇಲ್ಲ ಅಂತಲ್ಲ, ಮಧ್ಯಾಹ್ನದೊಳಗೆ ಮರ ಬೆಳೆಯೋ ಎತ್ತರಕ್ಕಿಂತ ಕೆಳಗೆ ಬಂದಿರಿ. ಟೈಮ್ ಇದ್ರೆ ಮೊನಾರ್ಕ್ ಕ್ರೆಸ್ಟ್ ಟ್ರೇಲೂ ಸೇರಿಸ್ಕೊಳ್ಳಿ, 11,312 ಅಡಿ ಮೇಲಿನ ಮೊನಾರ್ಕ್ ಪಾಸಿಂದ ಕಾಂಟಿನೆಂಟಲ್ ಡಿವೈಡ್ (ನೀರು ಎರಡು ಸಾಗರಗಳ ಕಡೆ ಬೇರೆಯಾಗಿ ಹರಿಯೋ ಗೆರೆ) ಏಣಿನ ಮೇಲೇ ಮೈಲಿಗಟ್ಲೆ ಸವಾರಿ, ಅಲ್ಲಿಗೂ ಶಟಲ್ ಇದೆ. ಸಿಡಿಲಿನ ಮುನ್ಸೂಚನೆ ಇದ್ದ ದಿನ ಅಲ್ಲಿ ಬಚ್ಚಿಟ್ಕೊಳ್ಳೋಕೆ ಏನೂ ಇಲ್ಲ, ಹೋಗ್ಲೇಬೇಡಿ. ಸೆಪ್ಟೆಂಬರ್ ಕೊಲೊರಾಡೊದಲ್ಲಿ ಬೇಟೆ ಸೀಸನ್ ಕೂಡ, ಕಿತ್ತಳೆ ಬಣ್ಣದ ಜರ್ಸಿನೋ ಜಾಕೆಟ್ಟೋ ಹಾಕ್ಕೊಳ್ಳಿ, ಕಂದು ಬಣ್ಣ ಬೇಡ.

ಮ್ಯಾಪಲ್ಲಿ ಮರೂನ್ ಬೆಲ್ಸ್ ಕಡೆ ಹೋಗೋ ಚೆಂದದ ಟ್ರೇಲ್ ಕಂಡು ಆಸೆ ಪಡ್ಬೇಡಿ, ವಿಲ್ಡರ್ನೆಸ್ ಅಂತ ಘೋಷಣೆ ಆಗಿರೋ ಕಾಡೊಳಗೆ ಸೈಕಲ್ಲಿಗೆ ಪ್ರವೇಶ ಇಲ್ಲ, ತಳ್ಕೊಂಡು ಹೋಗೋ ಹಾಗೂ ಇಲ್ಲ. ಟ್ರೇಲ್‌ಫೋರ್ಕ್ಸ್ ಮ್ಯಾಪ್ ಆಫ್‌ಲೈನ್ ಇಳಿಸ್ಕೊಳ್ಳಿ.

ಡೆನ್ವರ್_ದೊಡ್ಡಪ್ಪ

@ಸಣ್ಣಗೇರು ಸರಿ ಕಣಮ್ಮ, ಡ್ಯಾಲಸ್ಸಿನವ್ರಿಗೆ ನಿನ್ ಆರ್ಡರೇ ಸರಿ. ನಾವು ಇಲ್ಲಿ 5,000 ಅಡಿ ಮೇಲೆ ಕೂತು ಮಾತಾಡೋದು ಬೇರೆ. ಆದ್ರೂ ಸೆಪ್ಟೆಂಬರ್ ಕೊನೆಗೆ ಬೆಟ್ಟ ಇಟ್ಕೊಂಡ್ರೆ ಹಿಮ ಬಿದ್ದು ಕೆಡೋ ಚಾನ್ಸ್ ಜಾಸ್ತಿ ಅನ್ನೋದು ಮಾತ್ರ ಮರೀಬೇಡಿ. ಹದಿನೈದನೇ ತಾರೀಕಿನ ಆಸುಪಾಸು ಹೊರಟ್ರೆ ಎರಡೂ ಕೂಡಿ ಬರುತ್ತೆ.

ತುರಹಳ್ಳಿ_ಧೂಳು

ಅಬ್ಬಾ, ಇಷ್ಟು ಬರೀತೀರಾ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಜುಲೈ ಕ್ಯಾನ್ಸಲ್, ಸೆಪ್ಟೆಂಬರ್ ಮಧ್ಯ, ಫ್ರೂಟದಿಂದ ಶುರು. ಭಾವಂಗೆ ಸಣ್ಣಗೇರು ಅವ್ರ ಬ್ರೇಕಿನ ಸಾಲು ಫಾರ್ವರ್ಡ್ ಮಾಡ್ದೆ, ಉತ್ತರ ಬಂದಿಲ್ಲ. ಇನ್ನೊಂದೇ ಡೌಟು, ಅವ್ರು ಇ-ಬೈಕ್ ಬಾಡಿಗೆ ತಗೊಳ್ಳೋಣ್ವಾ ಅಂತಿದಾರೆ, ಏರು ಸುಲಭ ಆಗುತ್ತಲ್ಲಾ ಅಂತ. ಬಿಡ್ತಾರಾ?

ಹುಬ್ಬಳ್ಳಿ_ಹಂಪು

ಎಲ್ಲಾ ಕಡೆ ಬಿಡೂದಿಲ್ರಿ. ಸ್ಲಿಕ್‌ರಾಕ್ ಮೋಟರ್ ಗಾಡಿಗೂ ತೆರದ ಐತಿ, ಅಲ್ಲಿ ನಡೀತೈತಿ. ಬರೇ ಸೈಕಲ್ ಮತ್ತ ನಡಿಯೋರ ಸಲುವಾಗಿ ಇರೋ ಸಿಂಗಲ್‌ಟ್ರ್ಯಾಕಿಗೆ ಒಂದೊಂದ ಕಡೆ ಒಂದೊಂದ ನಿಯಮ, ಬದಲಾಗ್ತಾನೂ ಇರ್ತಾವ. ಹೋಗೋ ವಾರ ಸರ್ಕಾರಿ ಜಮೀನು ನೋಡ್ಕೊಳ್ಳೋ ಬಿಎಲ್‌ಎಮ್ ಇಲಾಖೆಯವರ ಮೋಆಬ್ ಆಫೀಸಿನ ಪೇಜು ನೋಡ್ರಿ, ಬೆಟ್ಟದ ಕಡೆ ಫಾರೆಸ್ಟ್ ಸರ್ವಿಸ್‌ದು. ಟ್ರೇಲ್ ಬಾಯಾಗಿರೋ ಬೋರ್ಡ್ ಓದ್ರಿ. ನನ್ನ ಕೇಳಿದ್ರ, ಓಡೋ ಕಾಲು ಇದ್ದವರಿಗೆ ಮೋಟರ್ ಯಾಕ ಬೇಕು, ಅವರಿಗೆ ಕಷ್ಟ ಇರೋದು ಇಳಿಜಾರಿನಾಗ. ಆ ರೊಕ್ಕದಾಗ ಒಂದು ದಿನ ಗೈಡ್ ಹಿಡೀರಿ, ಮೊಣಕಾಲ ಪ್ಯಾಡ್ ತಗೋರಿ.