ಮಣಿಪಾಲದಲ್ಲಿ ಮನೆ ಮಾಡಬೇಕು ಅಂತಿದ್ದೇವೆ, ಅಲ್ಲಿದ್ದವರು ಹೇಳಿ

ನಾವು ದಾವಣಗೆರೆಯವರು. ನನಗೆ ಉಡುಪಿಗೆ ವರ್ಗವಾಗಿದೆ, ಆಫೀಸು ಮಣಿಪಾಲದ ರಜತಾದ್ರಿಯಲ್ಲಿ. ಮಗಳು ನಾಲ್ಕನೇ ಕ್ಲಾಸು. ಜೊತೆಗೆ ಅತ್ತೆ ಇರುತ್ತಾರೆ, ಅವರಿಗೆ ಮಂಡಿನೋವು. "ಅದು ಓದಿದವರ, ದುಡ್ಡಿದ್ದವರ ಊರು, ನಿಮಗೆ ಹೊಂದಲ್ಲ" ಅಂತ ಒಬ್ಬರು ಹೆದರಿಸಿದ್ದಾರೆ. ನಿಜವಾ?

ಈಶ್ವರ ನಗರದಲ್ಲಿ 11 ವರ್ಷ

ಅಕ್ಕ, ಹೆದರಬೇಡಿ, ಬನ್ನಿ. ನಾನೂ ಶಿವಮೊಗ್ಗದಿಂದ ಬಂದವಳು. ಒಂದು ಮಾತ್ರ ಮೊದಲೇ ಗೊತ್ತಿರಲಿ. ಇಲ್ಲಿ ಬಾಡಿಗೆಯಿಂದ ಹಿಡಿದು ಆಟೋ ಸಿಗುವವರೆಗೆ ಎಲ್ಲ ಕಾಲೇಜಿನ ರಜೆ ನೋಡಿಕೊಂಡೇ ನಡೆಯುತ್ತದೆ. ಹೊಸ ಮಕ್ಕಳು ಬರುವ ಹೊತ್ತಿಗೆ ಮನೆ ಹುಡುಕಲು ಹೊರಟರೆ ಕೆಟ್ಟಿರಿ. ತಲೆಗಿಷ್ಟು ಅಂತ ವಿದ್ಯಾರ್ಥಿಗಳಿಗೆ ಕೊಟ್ಟರೆ ಓನರಿಗೆ ಜಾಸ್ತಿ ಸಿಗುತ್ತದೆ, ಸಂಸಾರಸ್ಥರು ಅಂದರೆ ಅಷ್ಟಕ್ಕಷ್ಟೇ. ಪರೀಕ್ಷೆ ಮುಗಿದು ರೂಮು ಖಾಲಿಯಾಗುವಾಗಲೇ ಬಂದು ಮಾತಾಡಿ.

ಆ ವಾರ ನೋಡಬೇಕು ನೀವು. ನಮ್ಮ ಅಪಾರ್ಟ್‌ಮೆಂಟ್ ಗೇಟಿನ ಹತ್ತಿರ ಹಾಸಿಗೆ, ಬಕೆಟ್ಟು, ಬಟ್ಟೆ ಒಣಗಿಸುವ ಸ್ಟ್ಯಾಂಡು, ಅರ್ಧ ಮುಗಿದ ಶಾಂಪೂ ಎಲ್ಲ ರಾಶಿ ಬಿದ್ದಿರುತ್ತದೆ. ಗುಜರಿಯವನಿಗೆ ಹಬ್ಬ. ನಮ್ಮ ಎದುರು ಬಾಗಿಲಿಗೆ ಈ 11 ವರ್ಷದಲ್ಲಿ ಏಳು ತಂಡ ಬಂದು ಹೋಗಿದೆ. ಕೇರಳದ ಒಬ್ಬ ಹುಡುಗಿ ಪ್ರತಿ ಸಲ ಊರಿಂದ ಬರುವಾಗ ನನಗೆ ಬಾಳೆಕಾಯಿ ಚಿಪ್ಸ್ ತರುತ್ತಿದ್ದಳು. ಒಂದು ದಿನ ನಾನು ಸಂತೆಗೆ ಹೋಗಿ ಬರುವಷ್ಟರಲ್ಲಿ ಖಾಲಿ ಮಾಡಿ ಹೋಗಿದ್ದಳು. ಅವಳ ನೀಲಿ ಚಪ್ಪಲಿ ಒಂದು ತಿಂಗಳು ಹಾಗೇ ಬಾಗಿಲ ಹತ್ತಿರ ಇತ್ತು. ಅಕ್ಕಪಕ್ಕದವರನ್ನು ಹಚ್ಚಿಕೊಳ್ಳುವ ಸ್ವಭಾವ ನಿಮ್ಮದಾದರೆ ಇದೊಂದು ಸ್ವಲ್ಪ ಕಷ್ಟ.

ಪರ್ಕಳದವನು

ಎಲ್ಲಕ್ಕಿಂತ ಮೊದಲು ನೀರು ಕೇಳಿ ಮಾರಾಯ್ರೆ. "ಬಾವಿ ಉಂಟಾ" ಅಂತ ಅಲ್ಲ, "ಮೇ ತಿಂಗಳಲ್ಲಿ ಬಾವಿಯಲ್ಲಿ ನೀರು ಉಂಟಾ" ಅಂತ. ಮಣಿಪಾಲ ಇರುವುದು ಗುಡ್ಡದ ಮೇಲೆ, ಅಡಿಯಲ್ಲೆಲ್ಲ ತೂತುತೂತಿನ ಕೆಂಪು ಮುರಕಲ್ಲು. ನಳ್ಳಿ ನೀರು ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ ಬರಬೇಕು. 2019ರ ಮೇಯಲ್ಲಿ ಅದೂ ಬತ್ತಿ, ದೊಡ್ಡ ದೊಡ್ಡ ಫ್ಲ್ಯಾಟಿನವರೂ ಟ್ಯಾಂಕರಿಗೆ ಕಾದು ನಿಂತದ್ದು ನಾನೇ ನೋಡಿದ್ದೇನೆ. ಮತ್ತೆ ಮಳೆ. ಜುಲೈ ಒಂದರಲ್ಲೇ ಸಾವಿರ ಮಿಲಿಮೀಟರ್ ದಾಟುತ್ತದೆ, ನಿಮ್ಮ ದಾವಣಗೆರೆಗೆ ಇಡೀ ವರ್ಷಕ್ಕೆ ಅಷ್ಟು ಬರುವುದಿಲ್ಲ. ಚರ್ಮದ ಬ್ಯಾಗು, ಬೆಲ್ಟು ಕಪಾಟಲ್ಲಿಟ್ಟು ಮರೆತರೆ ಬೂಸ್ಟು ಹಿಡಿದು ಬೆಳ್ಳಗಾಗುತ್ತದೆ.

ಅತ್ತೆಯವರಿಗೆ ಮಂಡಿನೋವು ಅಂದ್ರಲ್ಲ, ಏರು ರಸ್ತೆಯ ಮನೆ ಬೇಡ. ಲಿಫ್ಟ್ ಇದ್ದರೂ ಗೇಟಿನಿಂದ ಬಸ್‌ಸ್ಟಾಪಿಗೆ ಒಮ್ಮೆ ನಡೆದು ನೋಡಿ.

ನಿವೃತ್ತ ಬ್ಯಾಂಕ್ ನೌಕರ

ದುಡ್ಡಿದ್ದವರ ಊರು ಅನ್ನುವುದಕ್ಕೆ ನನ್ನದೊಂದು ತಕರಾರು. 1953ರಲ್ಲಿ ಟಿ.ಎಂ.ಎ. ಪೈಗಳು ಮೆಡಿಕಲ್ ಕಾಲೇಜು ಶುರು ಮಾಡುವಾಗ ಇದು ಬೋಳು ಗುಡ್ಡ. ನಮ್ಮ ಸಿಂಡಿಕೇಟ್ ಬ್ಯಾಂಕ್ ಬೆಳೆದದ್ದೂ 1928ರಿಂದ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯ ಪಿಗ್ಮಿ ಉಳಿತಾಯ ಕೂಡಿಸಿಯೇ. 2020ರಲ್ಲಿ ಅದು ಕೆನರಾದೊಳಗೆ ಸೇರಿಹೋಯಿತು, ಇರಲಿ.

ಈಗ ದುಡ್ಡು ಉಂಟು, ಸುಳ್ಳಲ್ಲ. ಸಂಜೆ ಮಣ್ಣಪಳ್ಳ ಕೆರೆಯ ಸುತ್ತ ವಾಕಿಂಗಿಗೆ ಬನ್ನಿ. ಡಾಕ್ಟರು, ಪ್ರೊಫೆಸರು, ನಮ್ಮಂಥ ಪಿಂಚಣಿಯವರು. ಎರಡನೇ ಸುತ್ತಿಗೆ ಯಾರ ಮಗ ಯಾವ ದೇಶದಲ್ಲಿ ಅಂತ ಗೊತ್ತಾಗುತ್ತದೆ. ಮೂರನೇ ಸುತ್ತಿಗೆ ಯಾರ ಬಿಪಿ ಎಷ್ಟು ಅಂತ! ವಾಪಸ್ ಹೋಗುವಾಗ ಬೀದಿ ನೋಡಿ. ಐದು ಬೆಡ್‌ರೂಮಿನ ಮನೆಯಲ್ಲಿ ಒಂದೇ ದೀಪ, ಅದೂ ಅಡುಗೆಮನೆಯದ್ದು. ನಮ್ಮನೆಯೂ ಹಾಗೇ. ನಿಮ್ಮ ಅತ್ತೆಗೆ ಮಾತಾಡಲು ಜನ ಸಿಗುತ್ತಾರೆ, ಆ ಚಿಂತೆ ಬಿಡಿ.

ಎರಡು ಮಕ್ಕಳ ತಾಯಿ, ಇಂದ್ರಾಳಿ

ಶಾಲೆ ವಿಷಯದಲ್ಲಿ ನನ್ನ ಅನುಭವ ಅಷ್ಟು ಸಿಹಿಯಲ್ಲ. ಪಾಠಕ್ಕೇನೂ ಕೊರತೆಯಿಲ್ಲ. ಆದರೆ ಬರ್ತ್‌ಡೇಗೆ ಹೋದ ಮಕ್ಕಳು ತರುವ ರಿಟರ್ನ್ ಗಿಫ್ಟ್ ನೋಡಿದರೆ ನಾವು ಕೊಟ್ಟ ಗಿಫ್ಟಿಗಿಂತ ದುಬಾರಿ ಇರುತ್ತಿತ್ತು. ಮಗ ಒಂದು ದಿನ "ನಮ್ಮನೆಗೆ ಯಾರನ್ನೂ ಕರೆಯುವುದು ಬೇಡ" ಅಂದ. ನಾವು ಇಂದ್ರಾಳಿಗೆ ಬಂದದ್ದು ಆಮೇಲೆ. ರೈಲ್ವೆ ಸ್ಟೇಷನ್ ಇಲ್ಲೇ, ಮಣಿಪಾಲದ ಬಸ್ಸು ಬಾಗಿಲಲ್ಲೇ.

ಭಾಷೆ ಒಂದು ತಮಾಷೆ. ಟೈಗರ್ ಸರ್ಕಲ್ಲಿನ ಅಂಗಡಿಯಲ್ಲಿ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಬರುತ್ತದೆ. ಅಲ್ಲಿಂದ ಎರಡು ಕಿಲೋಮೀಟರ್ ಇಳಿದರೆ ತುಳು, ಕೊಂಕಣಿ. ತುಳುವಿನ "ಎಂಚ ಉಲ್ಲರ್" (ಹೇಗಿದ್ದೀರಿ) ಒಂದು ಕಲಿತುಬನ್ನಿ, ತರಕಾರಿಯವಳು ಕೊತ್ತಂಬರಿ ಸೊಪ್ಪು ಸುಮ್ನೆ ಹಾಕುತ್ತಾಳೆ.

ಕೇಳಿದವಳು

ಎಲ್ಲರಿಗೂ ಥ್ಯಾಂಕ್ಸ್. ಪರ್ಕಳ, ಇಂದ್ರಾಳಿ ಎರಡೂ ಕಡೆ ನೋಡುತ್ತೇವೆ. ಅತ್ತೆ ಪಕ್ಕದಲ್ಲೇ ಕೂತು ಓದಿಸಿಕೊಂಡರು. ಅವರದ್ದು ಒಂದೇ ಪ್ರಶ್ನೆ, ಅಲ್ಲಿ ಜೋಳದ ಹಿಟ್ಟು ಸಿಗುತ್ತದಾ?

ಪರ್ಕಳದವನು

ಸಿಗುತ್ತದೆ ಅಂತ ಹೇಳಿ. ಉತ್ತರ ಕರ್ನಾಟಕದಿಂದ ಕೆಲಸಕ್ಕೆ ಬಂದವರು ಇಲ್ಲಿ ತುಂಬಾ ಜನ. ರೊಟ್ಟಿ ಬಡಿದು ಮಾರುವವರೂ ಇದ್ದಾರೆ.