ನೇರಳಿ ಪಾಯಸ ಉಂಡು ದವಾಖಾನಿಗೆ ಓಡಿದೆ. ಕೊಡಗಿನ್ಯಾಗ ಮಾಂಸ ತಿನ್ನದವ್ರಿಗೆ ಏನೈತಿ?

ಗದಗದಾಂವ:

ನಮಸ್ಕಾರ ರೀ. ನಾ ಗದಗ ಕಡೆಯಾಂವ. ಬ್ಯಾಂಕಿನ್ಯಾಗ ಕೆಲಸ, ಮೇ ತಿಂಗಳದಾಗ ಗೋಣಿಕೊಪ್ಪಕ್ಕ ವರ್ಗಾ ಆತು. ಮಳಿ ಅಂದ್ರ ಏನು ಅಂತ ಇಲ್ಲಿ ಬಂದ ಮ್ಯಾಲೆ ಗೊತ್ತಾತು. ಒಗೆದ ಅಂಗಿ ಆರಾಕ ನಾಕು ದಿನ ಬೇಕು.

ವಿಷಯ ಏನಪಾ ಅಂದ್ರ, ಆಗಸ್ಟ್ 3ಕ್ಕ ಮನಿ ಮಾಲಕರ ಹೆಂಡ್ತಿ, ನಾ ಆಂಟಿ ಅಂತೀನಿ, ಒಂದು ಸ್ಟೀಲ್ ಡಬ್ಬಿ ತುಂಬ ಪಾಯಸ ಕೊಟ್ರು. ಕಡು ನೇರಳಿ ಬಣ್ಣ, ಶಾಯಿ ಕಲಿಸಿದಂಗ. ವಾಸನಿ ಛಲೋ ಇತ್ತು ಅಂತ ಎರಡು ಬಟ್ಟಲ ಹೊಡದೆ. ಸಂಜಿಗೆ ಬಾತ್‌ರೂಮಿಗೆ ಹೋದ್ರ ಮೂತ್ರ ಕೆಂಪು! ಕೈಕಾಲು ತಣ್ಣಗಾದವು. ನಮ್ಮ ಕಾಕಾಗ ಕಿಡ್ನಿ ತ್ರಾಸ ಶುರುವಾಗಿದ್ದೂ ಹಿಂಗ. ಸುರಿಯೋ ಮಳ್ಯಾಗ ಆಟೋ ಹಿಡಕೊಂಡು ದವಾಖಾನಿಗೆ ಓಡಿದೆ. ಡಾಕ್ಟರು ನಾಡಿ ಸುದ್ದಾ ಹಿಡೀಲಿಲ್ಲ. "ಯಾರ ಮನೇಲಿ ಪಾಯಸ ತಿಂದ್ರಿ?" ಅಂತ ಕೇಳಿ ನರ್ಸಮ್ಮನ ಕಡೆ ನೋಡಿ ನಕ್ರು. ಅವತ್ತಿಗೆ ನಾ ಮೂರನೇ ಗಿರಾಕಿ ಅಂತ. ಮನಿಗೆ ಬಂದು ಆಂಟೀನ ಕೇಳಾಕ ನಾಚಿಕಿ. ಅದು ಏನು ಪಾಯಸ ರೀ?

ಇನ್ನೊಂದು ಮಾತು. ನಾ ಮಾಂಸ ತಿನ್ನಾಂವಲ್ಲ. ಇಲ್ಲಿ ಯಾರನ್ನ ಕೇಳಿದ್ರೂ ಪಂದಿ ಕರಿ, ಪಂದಿ ಕರಿ. "ನೀವು ಕೊಡಗಿಗೆ ಬಂದಿದ್ದೇ ದಂಡ" ಅಂದ್ರು ಬ್ಯಾಂಕಿನ್ಯಾಗ ಒಬ್ರು. ಮೂರು ತಿಂಗಳಾತು, ಹೋಟೆಲ್ ಇಡ್ಲಿ ಮತ್ತ ಅವ್ವ ಕಳಿಸಿದ ಕಟಕ ರೊಟ್ಟಿ. ರೊಟ್ಟಿನೂ ಈ ಥಂಡಿಗೆ ಹಪ್ಪಳದಂಗ ಇದ್ದದ್ದು ಚರ್ಮದಂಗ ಆಗ್ಯಾವ. ಖರೇನ ನನಗ ಇಲ್ಲಿ ಉಣ್ಣಾಕ ಏನೂ ಇಲ್ಲೇನು?

ಕಕ್ಕಬ್ಬೆ ಟೀಚರ್:

ನಿಮ್ಮ ಆಂಟಿಯನ್ನು ಬಯ್ಯಬೇಡಿ. ಹೊಸದಾಗಿ ಬಂದವರಿಗೆ ಮುಂಚೆ ಹೇಳದೇ ಇರೋದು ನಮ್ಮೂರಿನ ಹಳೇ ಕಿಡಿಗೇಡಿತನ. ನಾನು ಕೆಲಸ ಮಾಡುತ್ತಿದ್ದ ಶಾಲೆಗೆ ಬಯಲುಸೀಮೆಯಿಂದ ಬಂದ ಮೇಷ್ಟರಿಗೂ ನಾವು ಹೀಗೇ ಮಾಡಿದ್ದೆವು. ಪಾಪ, ಅವರು ಮನೆಗೆ ಕಾಗದ ಬರೆಯೋಕೆ ಕೂತಿದ್ದರು.

ಅದು ಮದ್ದು ಸೊಪ್ಪು. ಪುಸ್ತಕದ ಹೆಸರು ಜಸ್ಟೀಷಿಯಾ ವೈನಾಡೆನ್ಸಿಸ್. ವರ್ಷವಿಡೀ ತೋಟದ ಅಂಚಿನಲ್ಲಿ, ತೋಡಿನ ಬದಿಯಲ್ಲಿ ಬೆಳೆದುಕೊಂಡಿರುತ್ತೆ, ಯಾರೂ ತಿರುಗಿ ನೋಡಲ್ಲ. ನಮ್ಮ ಕಕ್ಕಡ ತಿಂಗಳ 18ನೇ ದಿನ, ಅಂದರೆ ಆಗಸ್ಟ್ 3, ಬಂತೆಂದರೆ ಎಲ್ಲರ ಕೈಯಲ್ಲೂ ಅದೇ ಕಟ್ಟು. ಅವತ್ತಿಗೆ ಆ ಸೊಪ್ಪಿನಲ್ಲಿ 18 ಬಗೆಯ ಮದ್ದಿನ ಗುಣ ತುಂಬಿಕೊಳ್ಳುತ್ತೆ ಅನ್ನೋದು ಹಿರಿಯರ ನಂಬಿಕೆ. ಕಾಂಡ ಸಮೇತ ಕತ್ತರಿಸಿ ಕುದಿಸಿ, ಸೋಸಿದ ನೀರಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿಹಾಲು, ಏಲಕ್ಕಿ ಹಾಕಿದರೆ ನೀವು ಉಂಡ ಪಾಯಸ. ಅದೇ ನೀರಿಗೆ ಅಕ್ಕಿತರಿ ಹಾಕಿ ಬೇಯಿಸಿದರೆ ಮದ್ದು ಪುಟ್ಟು, ಮೇಲೆ ತುಪ್ಪ, ಜೇನು. ಮೂತ್ರ ಕೆಂಪಗಾಗೋದು ಸೊಪ್ಪಿನ ಬಣ್ಣದಿಂದ. ಒಂದೆರಡು ದಿನಕ್ಕೆ ಹೋಗುತ್ತೆ. ಕೆಂಪಗಾಗದಿದ್ದರೇ ನಮಗೆ ಚಿಂತೆ, "ಸೊಪ್ಪು ಸಾಕಾಗಿಲ್ಲ" ಅಂತ.

ಎರಡನೇ ಪ್ರಶ್ನೆಗೆ ನನಗೆ ಸಿಟ್ಟು ಬಂತು. ನಿಮ್ಮ ಮೇಲಲ್ಲ, "ಬಂದಿದ್ದೇ ದಂಡ" ಅಂದವರ ಮೇಲೆ. ಪಂದಿ ಕರಿ ನಾನೂ ಮಾಡುತ್ತೇನೆ, ಚೆನ್ನಾಗೇ ಮಾಡುತ್ತೇನೆ. ಆದರೆ ರಸ್ತೆಬದಿಯ ಬೋರ್ಡು ನೋಡಿ ನೋಡಿ ನಮ್ಮವರೇ ಕೊಡಗು ಅಂದರೆ ಹಂದಿ ಅನ್ನೋ ಹಾಗಾಗಿದ್ದಾರೆ. ಹೋಟೆಲಿನವರು ಅದಕ್ಕೆ ತೆಂಗಿನಕಾಯಿ ಅರೆದು ಹಾಕಿ, ಹುಣಸೆಹುಳಿ ಹಿಂಡಿ, "ಕೂರ್ಗ್ ಸ್ಟೈಲ್" ಅಂತಾರೆ. ನಮ್ಮ ಕಪ್ಪು ಹುಳಿರಸ ಕಾಚಂಪುಳಿ ಎಲ್ಲಿ ಅಂದರೆ ಬಿಲ್ಲು ತರುತ್ತಾರೆ. ಇರಲಿ, ಅದು ನಿಮಗೆ ಬೇಡದ ಜಗಳ.

ನಮ್ಮ ಊಟದ ಬುಡ ಅಕ್ಕಿ. ಪಂದಿ ಕರಿಯನ್ನು ಯಾರೂ ಬರಿದೇ ತಿನ್ನಲ್ಲ, ಕಡಂಬುಟ್ಟಿನ ಜೊತೆ ತಿನ್ನುತ್ತಾರೆ. ಕಡಂಬುಟ್ಟು, ನೂಲ್‌ಪುಟ್ಟು, ಪಾಪುಟ್ಟು, ಅಕ್ಕಿ ಒಟ್ಟಿ, ತಂಬುಟ್ಟು, ಎಲ್ಲವೂ ಅದೇ ಅಕ್ಕಿ. ಒಂದು ಉಂಡೆ, ಒಂದು ಎಳೆ, ಒಂದು ತಟ್ಟೆ, ಒಂದು ರೊಟ್ಟಿ. ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಮುಹೂರ್ತ ಇಟ್ಟ ಮೇಲೆ, ರಾತ್ರಿ ಗದ್ದೆಗೆ ಹೋಗಿ "ಪೊಲಿ ಪೊಲಿ ದೇವಾ" ಅಂತ ಕೂಗಿ ಕದಿರು ತರುತ್ತೇವೆ. ಕೂಗೋದು ಯಾವುದಕ್ಕೆ? ಭತ್ತಕ್ಕೆ. ಅವತ್ತಿನ ತಂಬುಟ್ಟು ಕಳಿತ ಬಾಳೆಹಣ್ಣನ್ನು ಹುರಿದ ಅಕ್ಕಿಹಿಟ್ಟಿನ ಜೊತೆ ಕಿವುಚಿದ್ದು, ಮೇಲೆ ತುಪ್ಪ, ಎಳ್ಳು, ಕಾಯಿ. ಡಿಸೆಂಬರ್ ತನಕ ವರ್ಗ ಆಗದಿದ್ದರೆ ನಿಮ್ಮ ಪಾಲಿಗೂ ಬರುತ್ತೆ.

ಸದ್ಯಕ್ಕೆ ಮಳೆಗಾಲದ್ದು ಕೇಳಿ. ಬೈಂಬಳೆ, ಅಂದರೆ ಎಳೆ ಬಿದಿರು, ಕಳಲೆ. ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿ ನೀರಲ್ಲಿ ಹಾಕಿ, ದಿನಾ ನೀರು ಬದಲಿಸಿ, ಎರಡು ಮೂರು ದಿನ ಇಡಬೇಕು. ಅವಸರ ಮಾಡಿ ಹಸಿಯಾಗಿ ಬೇಯಿಸಬೇಡಿ, ಅದು ಕಹಿ ಮಾತ್ರವಲ್ಲ, ವಿಷ. ಆ ಮೂರು ದಿನ ಅಡುಗೆಮನೆಯಲ್ಲಿ ಒಂದು ವಾಸನೆ ಇರುತ್ತೆ ನೋಡಿ. ಬೆಂಗಳೂರಿನಿಂದ ಬಂದ ನನ್ನ ಸೊಸೆ ಮೊದಲ ವರ್ಷ ಗ್ಯಾಸ್ ಸೋರುತ್ತಿದೆ ಅಂತ ಸಿಲಿಂಡರ್ ತಿರುಗಿಸಿ ಆಫ್ ಮಾಡಿಬಿಟ್ಟಿದ್ದಳು. ಈಗ ಜೂನ್ ಬಂದರೆ ಅವಳದ್ದೇ ಫೋನು, "ಬೈಂಬಳೆ ಬಂತಾ ಅತ್ತೆ?" ಅಂತ. ಬೇಯಿಸಿ, ಕಾಯಿ, ಸಾಸಿವೆ, ಮೆಣಸು ಅರೆದು ಹಾಕಿ, ಅಕ್ಕಿ ಒಟ್ಟಿ ಜೊತೆ ತಿನ್ನಬೇಕು. ಸಂತೆಯಲ್ಲಿ ನೆನೆಹಾಕಿದ್ದೇ ಸಿಗುತ್ತೆ. ಮೀಸಲು ಅರಣ್ಯಕ್ಕೆ ನುಗ್ಗಿ ನೀವೇ ಕಡಿಯೋಕೆ ಹೋಗಬೇಡಿ, ಕೇಸು ಹಾಕುತ್ತಾರೆ.

ಗುಡುಗು ಬಿದ್ದ ಮೇಲೆ ಹುತ್ತದ ಹತ್ತಿರ ಕುಮ್ಮು ಏಳುತ್ತೆ, ಅಣಬೆ. ಗೊತ್ತಿದ್ದವರು ತಂದದ್ದನ್ನು ಮಾತ್ರ ತಿನ್ನಿ. ಹಲಸಿನ ಬೀಜ, ಕೆಸ, ತೆರ್ಮೆ ಸೊಪ್ಪು, ಅಂದರೆ ಎಳೆ ಜರೀಗಿಡ, ಇದ್ದೇ ಇದೆ. ಬೇಸಿಗೆಯಲ್ಲಿ ಉಪ್ಪುನೀರಿಗೆ ಹಾಕಿಟ್ಟ ಕಾಡುಮಾವು ಈಗ ಭರಣಿಯಿಂದ ಹೊರಗೆ ಬರುತ್ತೆ. ಇಡೀ ಹಣ್ಣನ್ನೇ ಬೆಲ್ಲ, ಮೆಣಸಿನಪುಡಿ ಹಾಕಿ ಕರಿ ಮಾಡಿ, ಗೊರಟೆಯನ್ನು ಚೀಪುತ್ತಾ ಕೂರಬೇಕು. ಅದನ್ನು ಚಮಚದಲ್ಲಿ ತಿನ್ನೋ ನೆಂಟರನ್ನು ನಾನು ಎರಡನೇ ಸಲ ಕರೆಯಲ್ಲ.

ಒಂದು ಮಾತು ಮುಚ್ಚಿಡಬಾರದು. ಅಕ್ಕಿ ಅಕ್ಕಿ ಅಂತ ಇಷ್ಟು ಹೇಳಿದೆ. ನಮ್ಮ ಗದ್ದೆ ನಾಲ್ಕು ವರ್ಷದಿಂದ ಪಾಳುಬಿದ್ದಿದೆ. ಆಳು ಸಿಗಲ್ಲ, ಆಳು ಸಿಕ್ಕರೆ ಆನೆ ಬಿಡಲ್ಲ. ಕದಿರು ತರೋಕೆ ಭಾವನ ಗದ್ದೆಗೆ ಹೋಗುತ್ತೇವೆ. ನಿನ್ನೆ ಮಾಡಿದ ಕಡಂಬುಟ್ಟಿನ ಅಕ್ಕಿಯ ಚೀಲದ ಮೇಲೆ ಮಂಡ್ಯ ಅಂತ ಇತ್ತು.

ಸಂಪಾಜೆ ಘಾಟಿ:

ಟೀಚರ್ ಹೇಳಿದ್ದೆಲ್ಲ ಸರಿ. ಆದರೆ "ನಮ್ಮ ಊಟ" ಅಂದಾಗ ಬರೀ ಕೊಡವರ ಮನೆಯನ್ನೇ ಹೇಳಿದ ಹಾಗಾಯ್ತು. ನಾವು ಅರೆಭಾಷೆಯವರು, ನಿಮ್ಮ ಕಕ್ಕಡ ನಮಗೆ ಆಟಿ, ನಮ್ಮಲ್ಲೂ ಆಟಿ 18ಕ್ಕೆ ಇದೇ ಪಾಯಸ. ನಾವು ಆಟಿ ಸೊಪ್ಪು ಅಂತೀವಿ. ನಮ್ಮ ಮನೆಯಲ್ಲಿ ಅದರ ಜೊತೆಗೆ ಪತ್ರೊಡೆ. ಮಳೆಗಾಲದಲ್ಲಿ ಮರದ ಕಾಂಡದ ಮೇಲೆ ಕೆಸ ಬೆಳೆಯುತ್ತಲ್ಲ, ಮರಗೆಸ, ಅದರ ಎಲೆಯದ್ದು. ನಾರು ತೆಗೆದು, ಅಕ್ಕಿ ಮಸಾಲೆ ಹಚ್ಚಿ ಸುತ್ತಿ, ಹಬೆಯಲ್ಲಿ ಬೇಯಿಸಿ, ಮರುದಿನ ಬೆಳಿಗ್ಗೆ ಬಿಲ್ಲೆ ಮಾಡಿ ಕಾವಲಿಯಲ್ಲಿ ಕೆಂಪಗೆ ಮಾಡಿ. ಹುಳಿ ಕಮ್ಮಿಯಾದರೆ ಗಂಟಲು ತುರಿಸುತ್ತೆ, ಮತ್ತೆ ದವಾಖಾನಿಗೆ ಓಡಬೇಡಿ.

ಕಕ್ಕಬ್ಬೆ ಟೀಚರ್:

ಒಪ್ಪಿದೆ. ನನ್ನ ಪೆನ್ನು ನಮ್ಮ ಅಡುಗೆಮನೆ ಬಿಟ್ಟು ಆಚೆ ಹೋಗಲಿಲ್ಲ. ಪತ್ರೊಡೆ ನೀವು ಮಾಡಿದ ಹಾಗೆ ನಮಗೆ ಬರಲ್ಲ, ಅದೂ ನಿಜ.

ಮೈಸೂರು ಪಾರ್ಸೆಲ್:

ನೂಲ್‌ಪುಟ್ಟು ಅಂದ್ರೆ ನಮ್ಮ ಒತ್ತುಶಾವಿಗೆ ತಾನೆ? ಅದಕ್ಕೆ ಇಷ್ಟೊಂದು ಬಿಲ್ಡಪ್ಪಾ?

ಕಕ್ಕಬ್ಬೆ ಟೀಚರ್:

ಹೌದು ಮಗೂ, ಒತ್ತೋದು ಎರಡನ್ನೂ. ನಮ್ಮ ಅಜ್ಜಿ ಇದ್ದಿದ್ದರೆ, ನಾವು ಅಜ್ಜಿಗೆ ತಾಯಿ ಅಂತೀವಿ, ಮರದ ಒರಳಿನ ಹಿಡಿಯನ್ನು ನಿಮ್ಮ ಕೈಗೇ ಕೊಟ್ಟು ಹತ್ತು ಜನಕ್ಕಾಗೋಷ್ಟು ಒತ್ತಿಸಿ, ಆಮೇಲೆ ಮಾತಾಡಿಸುತ್ತಿದ್ದರು.

ಗದಗದಾಂವ:

ಎಲ್ಲಾರಿಗೂ ಶರಣು. ಮೂತ್ರ ಮೊದಲಿನಂಗ ಆತು. ಟೀಚರ್, ಕಡಂಬುಟ್ಟು ನಾ ಒಬ್ಬನ ಮಾಡಬಹುದೇನ್ರಿ? ಅಳತಿ ಹೇಳ್ರಿ.

ಕಕ್ಕಬ್ಬೆ ಟೀಚರ್:

ಅಕ್ಕಿ ತೊಳೆದು, ಬಟ್ಟೆ ಮೇಲೆ ಆರಿಸಿ, ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ರವೆ ಹಾಗಿರಬೇಕು. ಜರಡಿ ಹಿಡಿದು ಹಿಟ್ಟು ಬೇರೆ ಮಾಡಿ, ಇಲ್ಲದಿದ್ದರೆ ಅಂಟಾಗುತ್ತೆ. ಒಂದು ಲೋಟ ತರಿಗೆ ಎರಡೂವರೆ ಲೋಟ ನೀರು, ಉಪ್ಪು. ನೀರು ಕುದಿಯುವಾಗ ತರಿ ಸುರಿದು ಗಂಟಾಗದಂತೆ ಕೈಯಾಡಿಸಿ, ಉರಿ ಸಣ್ಣ ಮಾಡಿ ಮುಚ್ಚಿ. ಕೈ ತಡೆಯುವಷ್ಟು ಬಿಸಿ ಇರುವಾಗಲೇ ಉಂಡೆ ಕಟ್ಟಿ. ಪೂರ್ತಿ ಆರಿದರೆ ಬಿರುಕು ಬರುತ್ತೆ. ಇಡ್ಲಿ ಪಾತ್ರೆಯಲ್ಲಿ ಇಪ್ಪತ್ತೈದು ನಿಮಿಷ. ಬಿಸಿ ಇರುವಾಗ ಮುರಿದು ತುಪ್ಪ ಬಿಡಿ. ಜೊತೆಗೆ ಬೆಲ್ಲದ ಕಾಪಿ, ಹಾಲು ಬೇಡ.

ಗದಗದಾಂವ:

ಭಾನುವಾರ ಮಾಡಿದೆ ರೀ. ಮೊದಲನೇ ಸಲ ಆರಿಸಿ ಕಟ್ಟಿದೆ, ಗೋಲಿಗುಂಡಿನಂಗ ಆದವು, ಬೆಕ್ಕು ಸುದ್ದಾ ಮೂಸಿ ಹೋತು. ಎರಡನೇ ಸಲ ಕೈ ಸುಟ್ಟಕೊಂಡೇ ಕಟ್ಟಿದೆ, ಮೆತ್ತಗ ಬಂದವು. ಬೈಂಬಳೆ ಸಿಗಲಿಲ್ಲ, ಅದಕ ಅವ್ವನ ಅಗಸಿ ಹಿಂಡಿ, ಅಂದ್ರ ಅಗಸಿ ಚಟ್ನಿಪುಡಿ, ಮ್ಯಾಲೆ ತುಪ್ಪ. ನಾಕು ತಿಂದೆ. ಕೆಳಗ ಆಂಟಿಗೆ ಎರಡು ಕೊಟ್ಟು ಬಂದೆ. ಉಂಡಿ ಮುರದು ನೋಡಿ "ತರಿ ಸ್ವಲ್ಪ ದಪ್ಪ" ಅಂದ್ರು, ಅಷ್ಟ. ಸಂಜಿಗೆ ಖಾಲಿ ತಾಟು ಹಿಡಕೊಂಡು ಮ್ಯಾಲೆ ಬಂದ್ರು. ಆ ಕರಿ ಪುಡಿ ಇನ್ನೂ ಐತೇನು ಅಂತ ಕೇಳಾಕ.